ನಶ್ಯದ ತಿಮ್ಮಾಜಮ್ಮನ ಮೂಗುಬಟ್ಟೆ

ನಶ್ಯದ ತಿಮ್ಮಾಜಮ್ಮನವರು ಸೀನಿದ್ದನ್ನು ಕಡೂರಿನಲ್ಲಿ ಯಾರೂ ಕಂಡಿರಲಿಲ್ಲ. ಅವರ ಬೀದಿಗೆ ತಿರುಗಿದ ಎತ್ತುಗಳು ಸೀನುತ್ತಿದ್ದವು. ಜಗಲಿಯ ಕೆಳಗೆ ಮಲಗಿದ ನಾಯಿ ಸೀನುತ್ತಿತ್ತು. ಕಂದಾಯದ ಮಾತಾಡಲು ಬಂದ ಶಾನುಭೋಗರು ಮಾತಿಗೊಂದು ಸೀನು ಸೀನಿ, ಬಂದ ಕೆಲಸವನ್ನೇ ಮರೆತು ಎದ್ದು ಹೋಗುತ್ತಿದ್ದರು. ಇವರು ಮಾತ್ರ ಹುಬ್ಬಿನ ಮೇಲೆ ಹೊಗೆಸೊಪ್ಪಿನ ಕಂದು ಧೂಳು ಕೂತಿದ್ದರೂ ಕಣ್ಣು ಮಿಟುಕಿಸದೆ, ನಶ್ಯದ ಗಡಿಗೆಯ ಮುಂದೆ ಕಾಲು ನೀಡಿ ಕುಳಿತು, "ಇನ್ನೂ ಸಣ್ಣಗಾಗ್ಬೇಕು ಕಣ್ರೇ, ಇದು ನಸ್ಯ ಅಲ್ಲ, ರವೆ" ಎನ್ನುತ್ತಿದ್ದರು.

ಅವರು ನನ್ನ ಅತ್ತೆ. ನಾನು ಆ ಮನೆಗೆ ಸೊಸೆಯಾಗಿ ಹೋಗುವ ಹೊತ್ತಿಗೆ ಅವರ ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು; ನಶ್ಯದ ವ್ಯಾಪಾರವನ್ನು ಅವರೇ ನಡೆಸುತ್ತಿದ್ದರು. ಈಗಿನ ನಮ್ಮ ಮನೆಯ ಹುಡುಗಿಯರು ಅವರ ಕಥೆ ಕೇಳಿ "ಎಂಥ ಗಟ್ಟಿಗಿತ್ತಿ!" ಎಂದು ಹೊಗಳುವುದುಂಟು. ನಾನು ಹೊಗಳಿಕೆಯಿಂದ ಆರಂಭಿಸಲಾರೆ. ಅವರು ನನಗೆ ಮಾಡಿದ್ದನ್ನೂ ಆಡಿದ್ದನ್ನೂ ಒಂದನ್ನೂ ಬಿಡದೆ ಕ್ರಮವಾಗಿ ಬರೆಯುತ್ತೇನೆ. ಅದೆಲ್ಲ ಮುಗಿದ ಮೇಲೆ ಏನಾದರೂ ಉಳಿದರೆ, ಅದನ್ನು ಹೊಗಳಿಕೆಯೆಂದು ಬೇಕಾದವರು ತಿಳಿದುಕೊಳ್ಳಲಿ.

ಮೊದಲನೆಯದು, ನನ್ನನ್ನು ಮನೆ ತುಂಬಿಸಿಕೊಂಡ ದಿನದ್ದು. ಹೊಸಿಲ ಮೇಲಿನ ಅಕ್ಕಿಯ ಸೇರನ್ನು ಒದೆಯಲು ನಾನು ಬಲಗಾಲು ಎತ್ತಿದ್ದೆ. ಒಳಗಿನಿಂದ ಬಂದ ಘಾಟು ಮೂಗಿಗೆ ಬಡಿಯಿತು; ಸೀನಿಬಿಟ್ಟೆ. ಬುಕ್ಕಾಂಬುಧಿಯಿಂದ ನನ್ನನ್ನು ಕರೆತಂದಿದ್ದ ನನ್ನ ಅಣ್ಣ ತಲೆ ತಗ್ಗಿಸಿದ. ಅತ್ತೆ ಮುಂದೆ ಬಂದರು. ಬೈಯಲಿಲ್ಲ. ನನ್ನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ, ದನದ ವ್ಯಾಪಾರಿ ಹಲ್ಲು ನೋಡುವಂತೆ ನನ್ನ ಮೂಗಿನ ಹೊಳ್ಳೆಗಳನ್ನು ನೋಡಿ, "ಬಲು ಚುರುಕು ಮೂಗು ಕಣ್ರೇ. ನಮ್ಮನೆಗೆ ಇಂಥದ್ದೇ ಬೇಕಾಗಿತ್ತು" ಎಂದರು. ನೆರೆದವರೆಲ್ಲ ನಕ್ಕರು.

ಅದು ತಮಾಷೆಯಲ್ಲವೆಂದು ನನಗೆ ತಿಳಿಯಲು ಹೆಚ್ಚು ಕಾಲ ಬೇಕಾಗಲಿಲ್ಲ. ಆ ಮನೆಯಲ್ಲಿ ಕೆಲಸಕ್ಕೆ ಬರುವ ಮೂಗು ಒಂದೂ ಇರಲಿಲ್ಲ. ಅತ್ತೆಯದು ಸತ್ತೇ ಹೋಗಿತ್ತು. ಮಲ್ಲಿಗೆ ತಂದು ಮೂಗಿಗೆ ಹಿಡಿದರೂ, ಹಾಲು ಉಕ್ಕಿ ಸೀದರೂ ಅವರಿಗೆ ತಿಳಿಯುತ್ತಿರಲಿಲ್ಲ. ನಮ್ಮ ಯಜಮಾನರದು ತಾಯಿಯ ಹಾದಿ ಹಿಡಿದಿತ್ತು. ಅತ್ತೆಯ ತಮ್ಮ ರಂಗಪ್ಪ ಮಾವ ಹಿತ್ತಲಲ್ಲಿ ಕೂತು ಹೊಗೆಸೊಪ್ಪು ಹುರಿಯುವವರಾದ್ದರಿಂದ ಅವರ ಮೂಗಿನಲ್ಲಿ ಅರ್ಧ ಜೀವವಿತ್ತು. ನಶ್ಯ ಹದಕ್ಕೆ ಬಂದಿದೆಯೋ ಇಲ್ಲವೋ ಎಂದು ಹೇಳಲು ಹೊಸ ಮೂಗು ಬೇಕು. ಪ್ರತಿ ಗಡಿಗೆ ಮುಗಿದಾಗಲೂ "ಲೇ ಲಚ್ಚಿ, ಮೂಗು ತಗೊಂಡ್ ಬಾ" ಎಂಬ ಕೂಗು ಬರುತ್ತಿತ್ತು. ನನ್ನ ಹೆಸರು ಲಕ್ಷ್ಮೀದೇವಿ. ಚಿಟಿಕೆ ಏರಿಸಿದೊಡನೆ ಒಂದೇ ಸೀನು ಬಂದರೆ ನಶ್ಯ ದಪ್ಪವೆಂದು ಅರ್ಥ. ಸೀನಿನ ಮೇಲೆ ಸೀನು ಬಂದು ಕಣ್ಣೀರು ಇಳಿದರೆ ಹದ ಸರಿಯೆಂದು ಅರ್ಥ. ನಾನು ಅಳುವುದನ್ನು ಕಂಡು ಅತ್ತೆ ಸಂತೋಷಪಡುತ್ತಿದ್ದರು. ಸೊಸೆಯೆಂದು ಕರೆತಂದು ತಕ್ಕಡಿಯಾಗಿ ಬಳಸಿದರು, ಇದು ಎರಡನೆಯದು.

ಮೂರನೆಯದು ಆ ಕೋಣೆ. ಕುಟ್ಟಿದ ಹೊಗೆಸೊಪ್ಪಿನ ಪುಡಿಯನ್ನು ವಸ್ತ್ರಗಾಳಿತ ಮಾಡುವ ಕೋಣೆ ಅದು. ಅಗಲ ಬಾಯಿಯ ಗಡಿಗೆಗೆ ತೆಳುವಾದ ಮಲ್ಲಿನ ಬಟ್ಟೆಯನ್ನು ಬಿಗಿದು ಕಟ್ಟಿ, ಅದರ ಮೇಲೆ ಪುಡಿ ಹಾಕಿ ಅಂಗೈಯಿಂದ ಮೆಲ್ಲಗೆ ಉಜ್ಜಬೇಕು. ಬಟ್ಟೆಯ ಮೇಲೆ ಉಳಿದದ್ದು ಮತ್ತೆ ಒರಳಿಗೆ. ಗಡಿಗೆಗೆ ಇಳಿದದ್ದೇ ನಶ್ಯ. ಅಷ್ಟು ಸಣ್ಣ ಪುಡಿ ತುಸು ಗಾಳಿ ಬೀಸಿದರೂ ಹಾರಿಹೋಗುತ್ತದೆ. ಆದ್ದರಿಂದ ಆ ಕೋಣೆಯ ಒಂದೇ ಕಿಟಕಿಗೆ ಮೊಳೆ ಹೊಡೆದು, ಸಂದಿಗೆಲ್ಲ ಕಾಗದ ಅಂಟಿಸಿ, ಬಾಗಿಲಿನ ಅಡಿಗೆ ಗೋಣಿತಾಟು ತುರುಕಿದ್ದರು. ಒಳಗೆ ಕೂತರೆ ಮೇಲಿನ ಗಾಜುಹೆಂಚಿನಿಂದ ಬಿದ್ದ ಬೆಳಕಿನಲ್ಲಿ ಕಂದು ಧೂಳು ಕೆಳಗೂ ಇಳಿಯದೆ ಮೇಲೂ ಹೋಗದೆ ನಿಂತಿರುವುದು ಕಾಣುತ್ತಿತ್ತು. ನಾನೂ ಅದರಂತೆಯೇ ಅಲ್ಲಿ ನಿಂತಿದ್ದೆ. ಎದೆಯನ್ನು ಯಾರೋ ಹಗ್ಗ ಹಾಕಿ ಜಗ್ಗಿದಂತಾಗಿ ಬಾಗಿಲು ತೆರೆಯಲು ಏಳುತ್ತಿದ್ದೆ, "ತೆಗೀಬ್ಯಾಡ! ಹಾರಿಹೋಗೋದೇ ಒಳ್ಳೇ ನಸ್ಯ" ಎನ್ನುವರು. ಮತ್ತೆ ಕೂರುತ್ತಿದ್ದೆ.

ಆ ಮನೆಯಿಂದ ಹೊರಡುವುದೂ ಸುಲಭವಾಗಿರಲಿಲ್ಲ. ಹೊರಡುವವರ ಹಿಂದೆ ಯಾರಾದರೂ ಒಂಟಿ ಸೀನು ಸೀನಿದರೆ ಅಪಶಕುನವೆಂದು ನಮ್ಮ ಕಡೆ ಎಲ್ಲರೂ ನಂಬುತ್ತಾರೆ. ತಿರುಗಿ ಬಂದು ಕೂತು ನೀರು ಕುಡಿಯಬೇಕು. ಎರಡು ಸೀನಾದರೆ ದೋಷವಿಲ್ಲ. ನಶ್ಯದ ಮನೆಯಲ್ಲಿ ಸೀನಿಲ್ಲದ ಗಳಿಗೆ ಎಲ್ಲಿಂದ ತರುವುದು? ನಮ್ಮ ಯಜಮಾನರು ತರೀಕೆರೆಯ ಅಂಗಡಿಗಳಿಗೆ ಡಬ್ಬಿಗಳನ್ನು ಹೊರಿಸಿಕೊಂಡು ಹೊರಟರೆಂದರೆ ಕೂಲಿಯವನೋ ಗಿರಾಕಿಯೋ ಒಬ್ಬ ಸೀನುವನೇ. ಅದಕ್ಕೆ ಅತ್ತೆ ಒಂದು ಉಪಾಯ ಮಾಡಿದ್ದರು. ರಂಗಪ್ಪ ಮಾವ ಬೇಕೆಂದಾಗ ಸೀನಬಲ್ಲವರು. ಯಾರಾದರೂ ಸೀನಿದ ಕೂಡಲೇ ಅತ್ತೆ, "ರಂಗಾ, ಜೋಡಿ ಮಾಡೋ!" ಎನ್ನುವರು, ಮಾವ ಹಿತ್ತಲಿಂದಲೇ ಗೋಡೆ ಅದುರುವಂತೆ ಒಂದು ಸೀನು ಸೀನುವರು, ಪ್ರಯಾಣ ಶುಭವಾಗುವುದು.

ಆ ವರ್ಷ ಗೌರಿಹಬ್ಬಕ್ಕೆ ನನ್ನನ್ನು ತವರಿಗೆ ಕಳುಹಿಸಲಿಲ್ಲ. ದಸರೆಗೆ ಮುಂಚೆ ನಶ್ಯಕ್ಕೆ ಬೇಡಿಕೆ ಹೆಚ್ಚು, ಮೂಗು ಊರಿಗೆ ಹೋದರೆ ವ್ಯಾಪಾರ ಕೆಡುತ್ತದೆ ಎಂಬುದು ಕಾರಣ. "ದಸರೆ ಕಳೀಲಿ, ನಾನೇ ಗಾಡಿ ಕಟ್ಟಿಸಿ ಕಳಿಸ್ತೀನಿ" ಎಂದರು. ನನ್ನ ಅವ್ವ ನನಗಾಗಿ ತೆಗೆದಿಟ್ಟ ಬಾಗಿನದ ಮೊರ ಬುಕ್ಕಾಂಬುಧಿಯಲ್ಲಿ ಹಾಗೆಯೇ ಉಳಿಯಿತು. ಇದನ್ನೂ ಬರೆದಿಡುತ್ತಿದ್ದೇನೆ.

ದಸರೆಗೆ ಮುಂಚೆಯೇ ಆ ಜ್ವರ ಬಂತು. ಯೂರೋಪಿನ ದೊಡ್ಡ ಯುದ್ಧ ಮುಗಿಯುತ್ತ ಬಂದ ಕಾಲ. ರೈಲಿನಲ್ಲಿ ಬಂದ ಜ್ವರವೆಂದು ಜನ ಆಡಿಕೊಂಡರು. ಬೀರೂರಿನ ಜಂಕ್ಷನ್ನಿನಲ್ಲಿ ಕೆಲಸ ಮಾಡುವವರು ಮೊದಲು ಮಲಗಿದರಂತೆ, ಆಮೇಲೆ ನಮ್ಮೂರು. ಬೆಳಿಗ್ಗೆ ಅಂಗಡಿ ತೆರೆದವನು ಸಂಜೆ ಬಾಗಿಲು ಹಾಕಲು ಏಳುತ್ತಿರಲಿಲ್ಲ. ಹೆಣ ಹೊರುವವರಿಗೂ ಜ್ವರ ಬಂದು ಹೊರುವವರಿಲ್ಲದಂತಾಯಿತು. ಅತ್ತೆ ಬೀದಿಬಾಗಿಲಿಗೆ ಅಗಳಿ ಹಾಕಿದರು. ನಮ್ಮ ಯಜಮಾನರ ತರೀಕೆರೆಯ ತಿರುಗಾಟ ನಿಂತಿತು. ನಾವು ಮೂವರೂ ಹೊಸಿಲು ದಾಟಕೂಡದು. ಗಿರಾಕಿ ಬಂದರೆ, ಹಾಲು ತರಕಾರಿ ಬಂದರೆ ಬಾಗಿಲಿಗೆ ಹೋಗುವುದು ಅವರೊಬ್ಬರೇ. ಮೊದಲು ಒಂದು ಕೋಣೆಯಲ್ಲಿ ಸಿಕ್ಕಿಬಿದ್ದಿದ್ದ ನಾನು ಈಗ ಇಡೀ ಮನೆಯಲ್ಲಿ ಸಿಕ್ಕಿಬಿದ್ದೆ.

ಒಂದು ದಿನ ಹೆಲ್ತ್ ಇನ್‌ಸ್ಪೆಕ್ಟರು ಬೀದಿ ಬೀದಿ ಸುತ್ತುತ್ತ ನಮ್ಮ ಬಾಗಿಲಿಗೂ ಬಂದರು. ಕೋಟು ಹಾಕಿದ, ನಿದ್ದೆಗೆಟ್ಟ ಕಣ್ಣಿನ ಯುವಕ. ಮೂಗು ಬಾಯಿಗೆ ಬಿಳಿ ಬಟ್ಟೆ ಕಟ್ಟಿದ್ದರು. ರೋಗಿ ಕೆಮ್ಮಿದಾಗ, ಸೀನಿದಾಗ ಹಾರುವ ಹನಿಗಳಲ್ಲಿ ರೋಗದ ಬೀಜ ಇರುತ್ತದೆಂದೂ, ರೋಗಿಯ ಹತ್ತಿರ ಹೋಗುವವರೆಲ್ಲ ಹೀಗೆ ಬಟ್ಟೆ ಕಟ್ಟಿಕೊಳ್ಳಬೇಕೆಂದೂ ಸಾವಧಾನವಾಗಿ ತಿಳಿಸಿದರು.

"ಕಟ್ಕೊಂಡ್ರೆ ಪೂರಾ ತಡೀತದಾ ಸ್ವಾಮಿ?" ಅತ್ತೆ ಕೇಳಿದರು.

"ಪೂರ್ತಿ ಅಂತ ಹೇಳೋಕಾಗಲ್ಲಮ್ಮ. ಕಡಿಮೆ ಮಾಡುತ್ತೆ. ಬಟ್ಟೆ ಯಾವುದು, ಹೇಗೆ ಕಟ್ಟಿದೀರಿ ಅನ್ನೋದರ ಮೇಲೆ ಹೋಗುತ್ತೆ."

"ಕಡ್ಮೆ ಅಂದ್ರೆ ಏನ್ರೀ? ಬಾಗ್ಲು ಅರ್ಧ ತೆಗೆದಿಟ್ಟು ಕಳ್ಳ ಅರ್ಧ ಬತ್ತಾನೆ ಅಂದಂಗಾಯ್ತು."

ಇನ್‌ಸ್ಪೆಕ್ಟರು ನಕ್ಕರು. "ತಾವೂ ಕಟ್ಕೊಳ್ಳಿ ತಾಯಿ. ಬಾಗಿಲಿಗೆ ಬರೋರು ತಾವೇ ಅಲ್ವೇ?"

"ನಂಗ್ಯಾಕೆ? ನನ್ ಮೂಗಿಗೆ ಈ ಮನೆ ನಸ್ಯಾನೇ ಹತ್ತಾಕಿಲ್ಲ. ಜ್ವರ ಹತ್ತುತ್ತಾ?"

"ಮೂಗಿಗೆ ಗೊತ್ತಾಗ್ದೇ ಇದ್ರೂ ಉಸಿರಲ್ಲಿ ಹೋಗುತ್ತೆ, ತಾಯಿ" ಎಂದು ಅವರು ಎರಡು ಸಲ ಹೇಳಿದರು. ಅಷ್ಟರಲ್ಲಿ ಅವರಿಗೇ ಸೀನು ಬಂತು. ಅತ್ತೆ ಅದನ್ನು ವಾದದಲ್ಲಿ ಗೆದ್ದಂತೆ ಎಣಿಸಿ ಒಳಗೆ ಬಂದರು.

ಅದಾದ ಮೇಲೆ ಒಂದು ಬೆಳಿಗ್ಗೆ ನನ್ನ ಅಣ್ಣ ಗಾಡಿ ಹೊಡೆದುಕೊಂಡು ಬಂದ. ಅತ್ತೆ ಅವನನ್ನು ಒಳಗೆ ಬಿಡಲಿಲ್ಲ. ಅವನು ಎದುರು ಜಗಲಿಯಲ್ಲಿ ಕೂತು ಬೀದಿಯ ಆಚೆಯಿಂದಲೇ ಕೂಗಿ ಹೇಳಿದ: "ಅವ್ವಂಗೆ ಜ್ವರ ಕಣವ್ವ. ನಿಮ್ಮತ್ತಿಗೇನೂ ಮಲಗವ್ಳೆ. ಬಾಯಿಗೆ ಗಂಜಿ ಬಿಡೋರಿಲ್ಲ. ಅವ್ವ ನಿನ್ ಹೆಸ್ರೇ ಕನವರಿಸ್ತೈತೆ. ನಾನು ಜಾಸ್ತಿ ಹೊತ್ತು ನಿಲ್ಲಾಕಿಲ್ಲ, ಹೊರಡವ್ವ."

ನಾನು ಸೀರೆ ಬದಲಿಸಲೂ ನಿಲ್ಲದೆ ಬಾಗಿಲಿಗೆ ಓಡಿದೆ. ಅತ್ತೆ ಅಗಳಿಯ ಮೇಲೆ ಕೈ ಇಟ್ಟು ನಿಂತಿದ್ದರು.

"ಬಿಡಿ ಅತ್ತೆ. ನಮ್ಮವ್ವ ಸಾಯ್ತಾ ಐತೆ."

"ಹೋಗ್ಬ್ಯಾಡ ಅನ್ನಾಕಿಲ್ಲ. ಸತ್ತು ಬರಬ್ಯಾಡ ಅಂತೀನಿ. ಬರೀ ಮೂಗಲ್ಲಿ ಹೋದ್ರೆ ನಿಮ್ಮಣ್ಣ ಒಂದ್ ಹೆಣ ಅಲ್ಲ, ಎರಡು ಹೊರಬೇಕಾಯ್ತದೆ. ಮೂಗಿಗೆ ಒಂದು ಬಟ್ಟೆ ಮಾಡ್ಕೊಡ್ತೀನಿ. ಅದನ್ನ ಕಟ್ಕೊಂಡು ನಮ್ಮ ಕೋಣೇಲಿ ಕೂರು. ಒಂದ್ ಗಡಿಗೆ ಗಾಳ್ಸಿ ಮುಗಿಯೋ ಗಂಟ ನೀನು ಸೀನದಿದ್ರೆ, ಆವಾಗ ಹೊರಡು."

ನಮ್ಮ ಯಜಮಾನರು ಕಂಬ ಹಿಡಿದು ನಿಂತು ನನ್ನ ಮುಖವನ್ನೂ ತಾಯಿಯ ಮುಖವನ್ನೂ ನೋಡಿದರು. ಒಂದು ಮಾತೂ ಆಡಲಿಲ್ಲ. ಇದು ಅವರ ಲೆಕ್ಕಕ್ಕೆ ಸೇರಿದ್ದು, ಅತ್ತೆಯದಕ್ಕಲ್ಲ. ಆದರೂ ಮರೆಯದಿರಲೆಂದು ಬರೆದೆ. ಅಣ್ಣ ಎತ್ತು ಬಿಚ್ಚಿ ಎದುರು ಜಗಲಿಯಲ್ಲೇ ಕೂತ. ಬುಕ್ಕಾಂಬುಧಿಯಲ್ಲಿ ಅವ್ವ ನೀರಿಗೆ ಕೈ ಚಾಚಿದರೆ ಕೊಡುವವರಿಲ್ಲ. ನಾನು ಇಲ್ಲಿ ಸೀನಕೂಡದು. ನನ್ನ ಬಿಡುಗಡೆ ನಿಂತಿದ್ದದ್ದು ಇಷ್ಟರ ಮೇಲೆ.

ಅತ್ತೆ ಮೊದಲು ಕತ್ತರಿಸಿದ್ದು ನಶ್ಯ ಗಾಳಿಸುವ ಬಟ್ಟೆಗಳನ್ನೇ. ಇಷ್ಟು ಸಣ್ಣ ನೂಲಿನ ಬಟ್ಟೆ ಇಡೀ ತಾಲ್ಲೂಕಿನಲ್ಲಿ ಇಲ್ಲವೆಂದು ಅವರ ಹೆಮ್ಮೆ; ಸಣ್ಣ ಬಟ್ಟೆಯಾದ್ದರಿಂದ ಸಣ್ಣ ಧೂಳನ್ನು ತಡೆಯುತ್ತದೆಂದು ಅವರ ತರ್ಕ. ಹೊಲಿದು, ನನ್ನ ಮೂಗಿಗೆ ಕಟ್ಟಿ, ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. ಗಡಿಗೆಯ ಮೇಲೆ ಮೊದಲ ಹಿಡಿ ಪುಡಿಯನ್ನು ಉಜ್ಜುವಷ್ಟರಲ್ಲೇ ನಾನು ಸೀನಿದೆ. ಮತ್ತೆ ಮತ್ತೆ ಸೀನಿದೆ. ಅತ್ತೆ ಕೈ ನಿಲ್ಲಿಸಿದರು. ಗಡಿಗೆಗೆ ಕಟ್ಟಿದ ಬಟ್ಟೆಯನ್ನು ನೋಡಿದರು, ನನ್ನ ಮುಖಕ್ಕೆ ಕಟ್ಟಿದ ಬಟ್ಟೆಯನ್ನು ನೋಡಿದರು. ಎರಡೂ ಒಂದೇ ತುಂಡಿನವು.

"ಅಯ್ಯೋ, ನನ್ ಬುದ್ಧಿಗಿಷ್ಟು! ಈ ಬಟ್ಟೇಲಿ ಇಳಿದಿದ್ದಕ್ಕೇ ಅಲ್ವೇನೇ ನಾವು ನಸ್ಯ ಅನ್ನೋದು? ಅದೇ ಬಟ್ಟೆ ಕಟ್ಟಿ, ಅದನ್ನೇ ತಡಿ ಅಂದ್ರೆ ಅದು ಹೆಂಗ್ ತಡೀತದೆ!" ಎಂದು ಹಣೆ ಹಣೆ ಬಡಿದುಕೊಂಡು ನಕ್ಕರು. ಜೀವಮಾನವೆಲ್ಲ ಅದೇ ಬಟ್ಟೆಯ ಮೇಲೆ ಕೈಯಾಡಿಸಿದವರಿಗೆ ಮಾತ್ರ ಬರಬಹುದಾದ ತಪ್ಪು ಅದು. ನನಗೆ ನಗು ಬರಲಿಲ್ಲ. ಹೊರಗೆ ಅಣ್ಣನ ಎತ್ತುಗಳ ಕೊರಳ ಗಂಟೆ ಕೇಳುತ್ತಿತ್ತು.

ಎರಡನೆಯ ಸಲ ದಪ್ಪ ದುಪ್ಪಟಿಯನ್ನು ಮಡಿಕೆಯ ಮೇಲೆ ಮಡಿಕೆ ಹಾಕಿದರು. ಸಾಲದೆಂದು ನೀರಿನಲ್ಲಿ ಅದ್ದಿ ಹಿಂಡಿ, ತಲೆಯ ಹಿಂದೆ ಬಿಗಿಯಾಗಿ ಕಟ್ಟಿದರು. ಕೋಣೆಯೊಳಗೆ ಕೋಣೆಯಂತೆ ಅದು ನನ್ನ ಮುಖದ ಮೇಲೆ ಕೂತಿತು. ಎಳೆದ ಉಸಿರು ಅರ್ಧ ದಾರಿಯಲ್ಲಿ ನಿಲ್ಲುತ್ತಿತ್ತು. ಬಿಟ್ಟ ಉಸಿರು ಬಿಸಿಯಾಗಿ ನನ್ನ ಬಾಯಿಗೇ ಹಿಂತಿರುಗುತ್ತಿತ್ತು. ಅತ್ತೆ ಪುಡಿ ಉಜ್ಜುತ್ತ, "ತಡ್ಕೋ, ತಡ್ಕೋ" ಎನ್ನುತ್ತಿದ್ದರು. ಬೆಳಕಿನ ಕೋಲು ಓರೆಯಾಯಿತು, ಗೋಡೆ ಹತ್ತಿರ ಬಂತು. ನನಗೆ ಜೋರಾದ ಸೀನು ಬಂದು, ಅದರ ಹಿಂದೆಯೇ ಕಣ್ಣು ಕತ್ತಲಿಟ್ಟು ಗಡಿಗೆಯ ಪಕ್ಕಕ್ಕೆ ಉರುಳಿದೆ.

ನಡುಮನೆಯಲ್ಲಿ ಎಚ್ಚರವಾದಾಗ ಕಟ್ಟಿದ್ದ ಬಟ್ಟೆ ಪಕ್ಕದಲ್ಲಿ ಬಿದ್ದಿತ್ತು. ಅದನ್ನು ಬಿಡಿಸಿ ನೋಡಿದೆ. ಒಳಮಡಿಕೆ ಬೆಳ್ಳಗಿತ್ತು. ಕನ್ನಡಿಯಲ್ಲಿ ಮುಖ ನೋಡಿಕೊಂಡೆ. ಮೂಗಿನ ಎರಡು ಪಕ್ಕದಿಂದ ಕಣ್ಣಿನ ಕೆಳಗಿನ ತನಕ ಎರಡು ಕಂದು ಗೆರೆ ಮೂಡಿದ್ದವು.

"ಅತ್ತೆ, ನಸ್ಯ ಬಟ್ಟೆ ತೂರ್ಕೊಂಡು ಬಂದಿಲ್ಲ. ಪಕ್ಕದ ಸಂದೀಲಿ ಬಂದೈತೆ. ಬಟ್ಟೆ ದಪ್ಪ ಮಾಡ್ದಷ್ಟೂ ಉಸಿರು ಸಂದಿ ಹುಡುಕ್ತದೆ. ಮೂಗಿನ ಪಕ್ಕ ಮುಚ್ಚಬೇಕು."

"ನಿನ್ನೆ ಮೊನ್ನೆ ಬಂದೋಳು ನಂಗೆ ಹೇಳ್ಕೊಡಾಕ್ ಬತ್ತೀಯಾ? ಮೂಗು ಕೊಡು ಅಂದ್ರೆ ಬಾಯಿ ಕೊಡ್ತೀಯಲ್ಲೇ!"

ನನ್ನನ್ನು ಬಿಟ್ಟು ಹೋಗಲಾರದೆ ಅಣ್ಣ ಆ ರಾತ್ರಿಯನ್ನೂ ಎದುರು ಜಗಲಿಯಲ್ಲೇ ಕಳೆದ. ಮಾರನೆಯ ಬೆಳಿಗ್ಗೆ ನಾನು ಅತ್ತೆಯ ಎದುರಿಗೇ ಕೂತು ಚಟ್ನಿ ಅರೆಯುತ್ತಿರುವಾಗ, ಅವರು ತಮ್ಮನನ್ನು ಕರೆದು ಹೇಳಿದರು: "ರಂಗಾ, ಬೆಳಗಿನ ಜಾವದಾಗೆ ನಂಗೊಂದು ಹೊಳೀತು ಕಣೋ. ಬಟ್ಟೆ ದಪ್ಪ ಮಾಡಿ ಪ್ರಯೋಜ್ನ ಇಲ್ಲ. ಸಂದಿ ಮುಚ್ಚಬೇಕು, ಮೂಗಿನ ಪಕ್ಕದ್ದು."

ರಂಗಪ್ಪ ಮಾವ "ಅಕ್ಕನ ತಲೇನೇ ತಲೆ" ಎಂದರು. ನಾನು ಗುಂಡುಕಲ್ಲು ತಿರುವುತ್ತಲೇ ಇದ್ದೆ. ಆಗ ಬಾಯಿ ಬಿಡಲಿಲ್ಲ, ಈಗ ಬಿಡುತ್ತಿದ್ದೇನೆ. ಆ ಸಂದಿಯನ್ನು ಕಂಡುಹಿಡಿದವಳು ನಾನು. ಬೆಳಗಿನ ಜಾವವಲ್ಲ, ಹಿಂದಿನ ದಿನದ ಇಳಿಹೊತ್ತು.

ಆದರೆ ಸಂದಿಯನ್ನು ಮುಚ್ಚಿದವರು ಅವರು. ಅದನ್ನು ಅಲ್ಲಗಳೆದರೆ ನನ್ನ ಬರಹವೇ ಸುಳ್ಳಾಗುತ್ತದೆ. ಎರಡು ಪದರ ಬಟ್ಟೆಯ ನಡುವೆ ಹಿಂಜಿದ ಅರಳೆಯನ್ನು ತೆಳುವಾಗಿ ಹರಡಿಸಿದರು. ಅರಳೆಯಲ್ಲಿ ಉಸಿರು ಸಲೀಸಾಗಿ ಆಡಿತು, ಧೂಳು ಮಾತ್ರ ಅದರ ಎಳೆಗಳಿಗೆ ಸಿಕ್ಕಿಕೊಂಡಿತು. ನಶ್ಯದ ಡಬ್ಬಿಯ ತಗಡಿನಿಂದ ಬೆರಳಗಲಕ್ಕಿಂತ ಕಿರಿದಾದ ಪಟ್ಟಿಯನ್ನು ಕತ್ತರಿಸಿ, ಅಂಚು ಮಡಿಸಿ, ಬಟ್ಟೆಯ ಮೇಲ್ಗಡೆ ಒಳಸೇರಿಸಿ ಹೊಲಿಸಿದರು. ಅದನ್ನು ಮೂಗಿನ ದಿಂಡಿನ ಮೇಲೆ ಒತ್ತಿದರೆ ಎರಡು ಪಕ್ಕವೂ ಕೆನ್ನೆಗೆ ಅಂಟಿಕೊಂಡಿತು. ಯಾವ ಮಗ್ಗುಲು ಹೊರಗೆ ಎಂದು ತಪ್ಪದಿರಲು ಹೊರಮಗ್ಗುಲಿಗೆ ಕೆಂಪು ದಾರದ ಒಂದು ಗುರುತು. "ಕೆಂಪು ಲೋಕಕ್ಕೆ, ಬಿಳಿ ನಿಂಗೆ. ತಿರುಗಾಮುರುಗಾ ಕಟ್ಕೊಂಡ್ರೆ ಲೋಕದ ಕೊಳೆಯೆಲ್ಲ ನೀನೇ ನೆಕ್ಕಿದಂಗೆ" ಎಂದರು.

ನನ್ನ ಮೂಗು ಊದಿ ಕೆಂಪಾಗಿದ್ದರಿಂದ ಮೊದಲ ಪರೀಕ್ಷೆ ರಂಗಪ್ಪ ಮಾವನಿಗಾಯಿತು. ಮಾವ ಕೋಣೆಯೊಳಗೆ ಹೋಗಿ ಸ್ವಲ್ಪ ಹೊತ್ತಿಗೇ ಸೀನುತ್ತ ಹೊರಗೆ ಬಂದರು. ಬಟ್ಟೆ ಬಿಚ್ಚಿದರೆ ಅವರ ದಟ್ಟ ಮೀಸೆಯ ತುದಿಗಳೆರಡೂ ಕಂದು ಬಣ್ಣವಾಗಿದ್ದವು. ಮೀಸೆಯ ಕೂದಲು ಬಟ್ಟೆಯನ್ನು ಎತ್ತಿ ಹಿಡಿದು ಧೂಳಿಗೆ ದಾರಿ ಬಿಟ್ಟಿತ್ತು.

"ಬೋಳ್ಸೋ ರಂಗಾ."

"ಅಕ್ಕಾ! ಅಪ್ಪ ಸತ್ತಾಗ ಬೋಳ್ಸಿದ್ದು. ಇವಾಗ ಯಾರು ಸತ್ರು ಅಂತ ಜನ ಕೇಳಾಕಿಲ್ವಾ?"

"ಬಟ್ಟೆ ಕಟ್ಕೊಂಡಿರ್ತೀಯಲ್ಲ, ಬೋಳು ಯಾರಿಗೆ ಕಾಣ್ತದೆ? ಕತ್ತಿ ತತ್ತಾರೋ ಮಗ" ಎಂದು ನಮ್ಮ ಯಜಮಾನರಿಗೆ ಹೇಳಿದರು. ಯಜಮಾನರು ಕತ್ತಿ ತಂದರು. ತಾಯಿಯ ಮಾತಿಗೆ ಅವರ ಕಾಲು ಬೇಗ ಏಳುತ್ತಿತ್ತು. ಮೀಸೆ ಹೋದ ಮಾವ ತಮ್ಮ ಮುಖವನ್ನು ತಾವೇ ಗುರುತಿಸಲಾರದವರಂತೆ ಹಿತ್ತಲಲ್ಲಿ ಕೂತುಬಿಟ್ಟರು. ಎರಡನೆಯ ಸಲ ಕೋಣೆಯಲ್ಲಿ ಕೂತಾಗ ಸೀನಲಿಲ್ಲ.

ಆಮೇಲೆ ನಾನು ಒಳಗೆ ಹೋದೆ. ಅತ್ತೆ ಎದುರಿಗೆ ಕೂತು ಬಾಗಿಲಡಿಯ ಗೋಣಿಯನ್ನು ಕಾಲಿನಿಂದ ಒತ್ತಿದರು. ಆ ದಿನ ಅವರು ಮೆಲ್ಲಗೆ ಉಜ್ಜಲಿಲ್ಲ. ಹಿಡಿ ಹಿಡಿ ಪುಡಿಯನ್ನು ಮೇಲಿನಿಂದ ಸುರಿದರು, ಬಟ್ಟೆಯನ್ನು ಕೊಡವಿದರು. ಇಷ್ಟು ಕಾಲ ಒಂದು ಚಿಟಿಕೆ ಹಾರಿದರೂ ಬೈಯುತ್ತಿದ್ದ ಕೈ ಒಳ್ಳೆಯ ನಶ್ಯವನ್ನೆಲ್ಲ ಗಾಳಿಗೆ ಎಸೆಯಿತು. ಅವರ ಮುಖ ಧೂಳಿನ ಆಚೆ ಮಸುಕಾಯಿತು, ಕಣ್ಣು ಮಾತ್ರ ನನ್ನ ಮೇಲಿಂದ ಸರಿಯಲಿಲ್ಲ. ನಾನು ಉಸಿರನ್ನು ಸಣ್ಣದಾಗಿ ಎಳೆದು ಸಣ್ಣದಾಗಿ ಬಿಟ್ಟೆ. ಅರಳೆಯ ವಾಸನೆ ಬಂತು, ತಗಡಿನ ತಂಪು ಮೂಗಿಗೆ ತಾಗಿತು, ನಶ್ಯದ ಘಾಟು ಮಾತ್ರ ಬರಲಿಲ್ಲ. ಗಡಿಗೆ ತುಂಬಿತು. ಅತ್ತೆ ಎದ್ದು ಬಂದು ತಾವೇ ನನ್ನ ಬಟ್ಟೆ ಬಿಚ್ಚಿ, ತಮ್ಮ ಸೆರಗಿನ ಒಳತುದಿಯಿಂದ ನನ್ನ ಮೂಗಿನ ಕೆಳಗೆ ಒರೆಸಿ, ಆ ತುದಿಯನ್ನು ಬೆಳಕಿಗೆ ಹಿಡಿದು ನೋಡಿದರು. ಕಲೆಯಿರಲಿಲ್ಲ.

"ಹೊರಡು" ಎಂದರು.

ಹೊರಡುವ ಮುನ್ನ ಎಲ್ಲರಿಗೂ ಒಂದೊಂದು ಬಟ್ಟೆ ಹೊಲಿದಿಟ್ಟೆವು. ನನಗೂ ಅಣ್ಣನಿಗೂ ಎರಡೆರಡು, ಅವ್ವನಿಗೊಂದು. ಅತ್ತೆಯದನ್ನು ಹೊಲಿದವಳು ನಾನು. ಇನ್‌ಸ್ಪೆಕ್ಟರ ಮಾತು ನನ್ನ ಕಿವಿಯಲ್ಲಿತ್ತು. ಅವರ ಮೂಗು ಗಿಡ್ಡ, ದಿಂಡು ಅಗಲ. ಅದನ್ನು ಕಣ್ಣಳತೆಯಲ್ಲೇ ನೋಡಿಕೊಂಡು ತಗಡಿನ ಪಟ್ಟಿಯನ್ನು ಬಗ್ಗಿಸಿದೆ, ನನಗೆ ಬರುವ ಅತಿ ಸಣ್ಣ ಹೊಲಿಗೆಯನ್ನು ಹಾಕಿದೆ. ಕೊಟ್ಟಾಗ ಅವರು ಅದನ್ನು ತಿರುಗಿಸಿ ನೋಡಿ, "ಹೊಲಿಗೆ ಪರವಾಗಿಲ್ಲ" ಎಂದು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದರು.

"ಕಟ್ಕೊಳ್ಳಿ ಅತ್ತೆ."

"ಕಟ್ಕೊಂಡೇನು ಬಿಡು. ನಿನ್ ಗಂಟು ಎತ್ಕೋ."

ಅಣ್ಣ ಎತ್ತು ಹೂಡಿದ್ದ. ನಾನು ಮೂಗುಬಟ್ಟೆ ಕಟ್ಟಿಕೊಂಡು ಹೊಸಿಲು ದಾಟಿದೆ. ಬೀದಿಯ ಗಾಳಿ ಕೈಗೆ ತಾಗಿದಾಗ ಕಣ್ಣು ತುಂಬಿತು. ಗಾಡಿಯ ಪಟ್ಟಿಯ ಮೇಲೆ ಕಾಲಿಟ್ಟಿದ್ದೇನೆ, ಹಿಂದಿನಿಂದ ಒಂದು ಸೀನು ಕೇಳಿಸಿತು. ಒಂಟಿ ಸೀನು. ಅಣ್ಣನ ಕೈ ಹಗ್ಗದ ಮೇಲೆ ನಿಂತಿತು. ನಾನೂ ಇಳಿಯಲು ತಿರುಗಿದೆ. ನಡುಮನೆಯ ಕತ್ತಲಿನಲ್ಲಿ ಯಾರ ಮುಖವೂ ಸರಿಯಾಗಿ ಕಾಣಲಿಲ್ಲ. ಅತ್ತೆಯ ದನಿ ಮಾತ್ರ ಕೇಳಿಸಿತು.

"ಇಳೀಬ್ಯಾಡ! ರಂಗಾ, ಜೋಡಿ ಮಾಡೋ!"

ರಂಗಪ್ಪ ಮಾವ ಸೀನಿದರು. ಎಂದಿನಂತೆ ಗೋಡೆ ಅದುರಲಿಲ್ಲ, ಯಾಕೋ ಅರೆಮನಸ್ಸಿನ ಸೀನು ಎನಿಸಿತು. ಆದರೂ ಎರಡಾಯಿತಲ್ಲ. ಗಾಡಿ ಹೊರಟಿತು. ಅತ್ತೆ ಬಾಗಿಲಿಗೆ ಬಂದು ನಿಂತು, ಬರಿ ಮುಖದಲ್ಲಿ, "ಕೆಂಪು ಹೊರಗೆ ಕಣೇ, ಮರೀಬ್ಯಾಡ!" ಎಂದು ಕೂಗಿದರು. ಬೀರೂರಿನ ದಾರಿಗೆ ತಿರುಗುವವರೆಗೂ ಅಲ್ಲೇ ನಿಂತಿದ್ದರು.

ಬುಕ್ಕಾಂಬುಧಿಯಲ್ಲಿ ನಾನು ಅವ್ವನ ಪಕ್ಕದಲ್ಲೇ ಇದ್ದೆ. ಅವಳು ಕೆಮ್ಮಿದಾಗ ಹಿಡಿದು ಕೂರಿಸಿದೆ, ಗಂಜಿ ಕುಡಿಸಿದೆ, ಅತ್ತಿಗೆಯ ಬಟ್ಟೆ ಒಗೆದೆ. ಬಳಸಿದ ಮೂಗುಬಟ್ಟೆಯನ್ನು ಅತ್ತೆ ಹೇಳಿದಂತೆ ಕುದಿಸಿ, ಅರಳೆ ಬದಲಿಸಿ, ಕೆರೆಯ ಏರಿಯ ಬಿಸಿಲಿನಲ್ಲಿ ಒಣಗಿಸಿದೆ. ನನಗೆ ಜ್ವರ ಬರಲಿಲ್ಲ. ಅದು ಬಟ್ಟೆಯ ಗುಣವೋ ನನ್ನ ಆಯುಸ್ಸೋ ಹೇಳಲಾರೆ. ಇನ್‌ಸ್ಪೆಕ್ಟರಾಗಿದ್ದರೆ "ಕಡಿಮೆ ಮಾಡುತ್ತೆ" ಎನ್ನುತ್ತಿದ್ದರು. ಅತ್ತಿಗೆ ಎದ್ದಳು. ಅವ್ವನೂ ಒಂದು ದಿನ ಗೋಡೆಗೆ ಒರಗಿ ಕೂತು, "ಮಕಕ್ಕೇನೇ ಅದು, ಎತ್ತಿಗೆ ಕಟ್ಟೋ ಕುಕ್ಕೆ ಕಟ್ಟಿದಂಗೆ" ಎಂದು ನನ್ನನ್ನು ನೋಡಿ ನಕ್ಕಳು.

ಅವಳು ಎದ್ದು ಕೂತ ಸುದ್ದಿ ಅಣ್ಣನ ಮೂಲಕ ಕಡೂರಿಗೆ ಹೋಯಿತು. ಅದಕ್ಕೆ ಉತ್ತರವಾಗಿ ರಂಗಪ್ಪ ಮಾವ ಬಂದರು. ಅಜ್ಜಂಪುರದ ತನಕ ರೈಲಿನಲ್ಲಿ, ಅಲ್ಲಿಂದ ನಡೆದು. ಅಂಗಳದಲ್ಲಿ ನಿಂತು ಮೂಗುಬಟ್ಟೆಯನ್ನು ಗದ್ದಕ್ಕೆ ಇಳಿಸಿದರು. ಮೀಸೆ ಇನ್ನೂ ಬಂದಿರಲಿಲ್ಲ. ಎರಡನೆಯ ಸಲ ಬೋಳಿಸಿದಂತಿತ್ತು. ಅತ್ತೆ ತೀರಿಕೊಂಡರೆಂದು ಅವರು ಹೇಳುವ ಮೊದಲೇ ನನಗೆ ಅರ್ಥವಾಯಿತು.

"ನೀನು ಹೋದ ಸಂಜೇನೇ ಮಲಗ್ತು ಕಣವ್ವ. ಹೇಳಿಕಳಿಸ್ತೀವಿ ಅಂದ್ರೆ ಬಿಡ್ಲಿಲ್ಲ. ಅವಳವ್ವ ಎದ್ದು ಕೂರೋ ಗಂಟ ಯಾರೂ ಬಾಯಿ ಬಿಡಬ್ಯಾಡಿ, ಬಿಟ್ರೆ ಅವ್ಳು ಅರ್ಧಕ್ಕೇ ಓಡ್ಬತ್ತಾಳೆ ಅಂತು. ಹತ್ರ ಬರೋರು ಬಟ್ಟೆ ಕಟ್ಕೊಳ್ಳಿ ಅಂತ ಬೈದು ಬೈದು ಕಟ್ಟಿಸ್ತು. ನಂಗೂ ನಿನ್ ಗಂಡಂಗೂ ಏನೂ ಆಗ್ಲಿಲ್ಲ."

ಗದ್ದದ ಬಟ್ಟೆಯನ್ನು ಬಿಚ್ಚಿ ಕೈಯಲ್ಲಿ ಮಡಿಸುತ್ತ ಮತ್ತೆ ಹೇಳಿದರು: "ನೀನು ಗಾಡಿ ಹತ್ತುವಾಗ ಬಂದ ಸೀನು, ಆ ಮೊದಲನೇದು, ನಂದಲ್ಲ ಕಣವ್ವ. ಅಕ್ಕಂದು. ನಾನು ಹುಟ್ಟಿದ್ಮೇಲೆ ಅಕ್ಕ ಸೀನಿದ್ದು ಅದೊಂದೇ ಕಂಡಿದ್ದು. ನಾನು ಬೆಪ್ಪಾಗಿ ನಿಂತಿದ್ದೆ. ಜೋಡಿ ಮಾಡೋ ಅಂತ ನನ್ ತೋಳು ಚಿವುಟ್ತು."

ನಾನು ಕಡೂರಿಗೆ ಹೋದಾಗ ಬೀದಿಬಾಗಿಲು ತೆರೆದಿತ್ತು. ಗಾಳಿಸುವ ಕೋಣೆಯ ಕಿಟಕಿಯ ಮೊಳೆಗಳನ್ನು ನಮ್ಮ ಯಜಮಾನರು ಕಿತ್ತುಹಾಕಿದ್ದರು. ಗಾಳಿ ಒಳಗೆ ಬಂದು, ಮುಚ್ಚದೆ ಬಿಟ್ಟಿದ್ದ ಗಡಿಗೆಯ ನಶ್ಯವನ್ನು ನೆಲದ ಮೇಲೆಲ್ಲ ಹರಡಿತ್ತು. ಆ ಕೋಣೆಯಲ್ಲಿ ಮೊದಲ ಸಲ ತುಂಬು ಉಸಿರು ಎಳೆಯಬಹುದಾಗಿತ್ತು. ನನಗೆ ಎಳೆಯಲಾಗಲಿಲ್ಲ.

ಬಾಗಿಲ ಪಕ್ಕದ ಮೊಳೆಯಲ್ಲಿ ನಾನು ಹೊಲಿದ ಮೂಗುಬಟ್ಟೆ ನೇತಾಡುತ್ತಿತ್ತು. ಇಳಿಸಿಕೊಂಡು ನೋಡಿದೆ. ತಗಡಿನ ಪಟ್ಟಿ ನಾನು ಬಗ್ಗಿಸಿದಷ್ಟೇ ಬಗ್ಗಿತ್ತು. ಯಾವ ಮೂಗಿನ ಮೇಲೂ ಅದನ್ನು ಒತ್ತಿರಲಿಲ್ಲ. ಮನೆಗೆ ಕಾಲಿಟ್ಟ ದಿನ ನನ್ನ ಮೂಗನ್ನು ನೋಡಿದ್ದನ್ನು, ಗೌರಿಹಬ್ಬಕ್ಕೆ ಕಳುಹಿಸದಿದ್ದನ್ನು, ನಾನು ಕಂಡ ಸಂದಿಯನ್ನು ತಾವು ಕಂಡದ್ದೆಂದು ಹೇಳಿಕೊಂಡದ್ದನ್ನು ಈ ವಯಸ್ಸಿನಲ್ಲಿ ಬೇಕಾದರೆ ಬಿಟ್ಟುಬಿಡುತ್ತೇನೆ. ನಾನು ಅಷ್ಟು ಸಣ್ಣ ಹೊಲಿಗೆ ಹಾಕಿ ಕೊಟ್ಟದ್ದನ್ನು ಅವರು ಒಂದು ದಿನವೂ ಕಟ್ಟಿಕೊಳ್ಳಲಿಲ್ಲ, ಅದನ್ನು ಬಿಡಲಾರೆ.

ಅದು ಈಗಲೂ ನನ್ನ ಪೆಟ್ಟಿಗೆಯಲ್ಲಿದೆ. ಕೆಂಪು ದಾರದ ಬಣ್ಣ ಮಾಸಿದೆ. ಎರಡು ಮಗ್ಗುಲೂ ಬಿಳಿಯಾಗಿಯೇ ಇದೆ.